ನ್ಯಾನ್‌ಳ ವಿಲ್ಲಿಗೆ ಸಿಂಹ ಬೇಡ

ಓವರ್‌ಕ್ಲಫ್, ಹೆಬ್ಡೆನ್ ಬ್ರಿಜ್ ಮೇಲಿನ ಗುಡ್ಡ,
ಯಾರ್ಕ್‌ಶೈರ್.
ಮಂಗಳವಾರ, ೯ ನವೆಂಬರ್ ೧೯೭೧

ಪ್ರೀತಿಯ ತಮ್ಮ ಇರ್ವಿನ್‌ಗೆ,

ಪ್ರೀತಿಯ ಎಂದು ಕೈ ತಾನಾಗಿಯೇ ಬರೆದುಬಿಟ್ಟಿತು. ಹೊಡೆದುಹಾಕಿದರೆ ಒಳ್ಳೆಯ ಕಾಗದ ಹಾಳಾಗುತ್ತದೆ, ಇರಲಿ. ನಿನ್ನ ಮಂಡಿನೋವು ಹೇಗಿದೆ? ಮಾರ್ಜರಿಯ ರಕ್ತದೊತ್ತಡ ಇಳಿದಿದೆಯೇ? ಕೆನಡಾದಲ್ಲಿ ಆಗಲೇ ಹಿಮ ಬಿದ್ದಿರಬೇಕು. ಲೋರ್ನಾಗೆ ಪಶ್ಚಿಮದ ಕಡೆ ಯಾವುದೋ ಊರಲ್ಲಿ ಒಳ್ಳೆಯ ಕೆಲಸ ಸಿಕ್ಕಿದೆ, ಕ್ರಿಸ್‌ಮಸ್‌ಗೂ ಮನೆಗೆ ಬರಲಾಗುವುದಿಲ್ಲ ಎಂದು ಬರೆದಿದ್ದೀಯ. ಸಂತೋಷ. ಆ ಹುಡುಗಿಯ ಮೈಮೇಲೆ ಬೆಚ್ಚನೆಯ ಒಂದು ಕೋಟಾದರೂ ಇದೆಯೋ ಇಲ್ಲವೋ, ಅಪ್ಪನಾದವನು ವಿಚಾರಿಸಬೇಕು. ನನ್ನ ಆರೋಗ್ಯ ಚೆನ್ನಾಗಿದೆ. ಎದೆಯ ಕೆಮ್ಮು ಇದ್ದದ್ದೇ, ಮಗ್ಗದ ಹತ್ತಿಧೂಳು ನುಂಗಿದವರಿಗೆಲ್ಲ ಇರುವಂಥದ್ದು. ಮೊನ್ನೆ ಐದನೇ ತಾರೀಕಿನ ಬೆಂಕಿ ಹಬ್ಬಕ್ಕೆ ಪಾರ್ಕಿನ್ ಶುಂಠಿ ಕೇಕ್ ಮಾಡಿದ್ದೆ, ಈ ಸಲ ಬೆಲ್ಲದ ಪಾಕ ಸ್ವಲ್ಪ ಜಾಸ್ತಿಯಾಯಿತು. ಅಪ್ಪ ಇದ್ದಿದ್ದರೆ ಹಲ್ಲಿಗೆ ಅಂಟುತ್ತದೆ ಎಂದು ಬೈದು ಎರಡು ತುಂಡು ಹೆಚ್ಚಿಗೇ ತಿನ್ನುತ್ತಿದ್ದ.

ಇನ್ನು ವಿಷಯಕ್ಕೆ ಬರುತ್ತೇನೆ. ನೀನು ಕಳಿಸಿದ ಕಲ್ಲು ಬಂತು. ಅಪ್ಪನ ಸಮಾಧಿಗೆ ಎಂದು, ನನಗೆ ಒಂದು ಮಾತೂ ತಿಳಿಸದೆ, ಅಕ್ಕನಿಗೆ ಆಶ್ಚರ್ಯವಾಗಲಿ ಎಂದು, ಇಲ್ಲಿ ನಮ್ಮ ಪಕ್ಕದ ಹ್ಯಾಲಿಫ್ಯಾಕ್ಸ್ ಕಡೆಯ ಯಾರೋ ಕಲ್ಲುಕುಟಿಗರಿಗೆ ಅಲ್ಲಿಂದಲೇ ಆರ್ಡರ್ ಮಾಡಿದೆಯಲ್ಲ, ಆ ಕಲ್ಲು. ಆಶ್ಚರ್ಯವೇನೋ ಆಯಿತು ಮಹಾರಾಯ. ಇಡೀ ಊರಿಗೇ ಆಯಿತು.

ಕಲ್ಲಿಗೆ ಮೊದಲು ಆ ಸುರುಳಿ ಕಾಗದದ ಮಾತು. 'ಗ್ರೀನ್‌ವುಡ್ ಮನೆತನದ ಮೂಲ, ಅರ್ಥ ಮತ್ತು ಪ್ರಸಾರ' ಎಂದು ಬಂಗಾರದ ಅಕ್ಷರದಲ್ಲಿ ಅಚ್ಚಾದ ಕಾಗದವನ್ನು ನೀನು ಯಾವುದೋ ಅಂಗಡಿಯಲ್ಲಿ ಕೊಂಡು, ಅದರ ನಕಲನ್ನು ನನಗೆ ಕಳಿಸಿ, ಓದಿ ಹೆಮ್ಮೆಪಡು ಎಂದು ಬರೆದೆ. ಓದಿದೆ. ಹಸಿರು ಕಾಡಿನ ಪಕ್ಕ ಮನೆ ಇದ್ದವನಿಗೆ ಗ್ರೀನ್‌ವುಡ್ ಎಂದು ಹೆಸರು ಬಂತಂತೆ. ಇದನ್ನು ತಿಳಿಯಲು ನೀನು ಕೆನಡಾಕ್ಕೆ ಹೋಗಬೇಕಾಗಿತ್ತೇ? ನಮ್ಮ ಗುಡ್ಡದ ಕುರಿಗಳಿಗೂ ಅದು ಗೊತ್ತು. ಹೆಪ್ಟನ್‌ಸ್ಟಾಲ್ ಆಚೆಯ ಗ್ರೀನ್‌ವುಡ್ ಲೀ ಮನೆಯಿಂದ ಹೊರಟವರು ನಾವೆಲ್ಲ ಎಂದು ಹಿರಿಯರು ಹೇಳುತ್ತಲೇ ಬಂದಿದ್ದಾರೆ, ನಿಜವೋ ಸುಳ್ಳೋ ದೇವರಿಗೇ ಗೊತ್ತು. ಈ ಕಣಿವೆಯಲ್ಲಿ ಕಣ್ಣುಮುಚ್ಚಿ ಒಂದು ಕಲ್ಲೆಸೆದರೆ ಅದು ಬೀಳುವುದು ಗ್ರೀನ್‌ವುಡ್‌ನ ತಲೆಗೆ, ತಪ್ಪಿದರೆ ಸಟ್‌ಕ್ಲಿಫ್‌ನ ತಲೆಗೆ. ನಮ್ಮ ಅಮ್ಮ ಮದುವೆಗೆ ಮೊದಲೂ ಗ್ರೀನ್‌ವುಡ್, ಆಮೇಲೂ ಗ್ರೀನ್‌ವುಡ್, ಟವೆಲಿನ ಮೇಲೆ ಕಸೂತಿ ಹಾಕಿದ ಅಕ್ಷರವನ್ನೂ ಬಿಚ್ಚಬೇಕಾಗಿ ಬರಲಿಲ್ಲ. ಕ್ರಿಕೆಟ್ ತಂಡದಲ್ಲಿ ಅರ್ಧಕ್ಕರ್ಧ ಗ್ರೀನ್‌ವುಡ್‌ಗಳಿದ್ದು, ಯಾರು ಔಟಾದರು ಎಂದು ಹಲಗೆ ನೋಡಿದರೆ ತಿಳಿಯದೆ ಜನ ಜಗಳ ಆಡುತ್ತಿದ್ದುದನ್ನು ಮರೆತೆಯಾ? ಎಲ್ಲರಿಗೂ ಇರುವ ಹೆಸರು ಯಾರಿಗೂ ಇಲ್ಲದ ಹಾಗೆಯೇ. ಅದಕ್ಕೇ ಅಲ್ಲವೇ ನಮ್ಮಲ್ಲಿ ಅಪ್ಪನ ಹೆಸರು, ಅಜ್ಜನ ಹೆಸರು ಸೇರಿಸಿ ಕರೆಯುವುದು? ಸ್ಯಾಮ್‌ನ ಜೋಬ್‌ನ ಟಾಮ್ ಎಂದರೆ ಅಂಚೆಯವನಿಗೂ ದಾರಿ ತಪ್ಪುವುದಿಲ್ಲ.

ಮತ್ತೆ ಆ ಲಾಂಛನ. ಒಂದು ಶಿರಸ್ತ್ರಾಣ, ಅದರ ಕೆಳಗೆ ಸಿಂಹವೋ ಜ್ವರ ಬಂದ ನಾಯಿಯೋ ತಿಳಿಯದ ಒಂದು ಪ್ರಾಣಿ. ಯಾವ ಕಾಲದಲ್ಲೋ ಯಾರೋ ಒಬ್ಬ ಗ್ರೀನ್‌ವುಡ್‌ಗೆ ಲಾಂಛನ ಸಿಕ್ಕಿದ್ದರೆ ಅದು ಅವನಿಗೆ ಮತ್ತು ಅವನ ಮಕ್ಕಳುಮರಿಗೆ ಸೇರಿದ್ದು. ಹೆಸರು ಒಂದೇ ಎಂದ ಮಾತ್ರಕ್ಕೆ ಹತ್ತಿ ಗಿರಣಿಯ ಮಗ್ಗದವರಿಗೆಲ್ಲ ಅದು ಹೇಗೆ ಬರುತ್ತದೆ? ಪಕ್ಕದ ಮನೆಯವನ ಕೋಟನ್ನು ಹೆಸರು ಒಂದೇ ಎಂದು ಹಾಕಿಕೊಂಡು ಹೋದರೆ ಪೊಲೀಸರು ಬರುತ್ತಾರೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎನ್ನುವ ಗಾದೆ ನಿನ್ನ ವಿಷಯದಲ್ಲಿ ಇಷ್ಟು ಸರಿಯಾಗಿ ಹೊಂದುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಆದರೂ ನಕ್ಕು ಸುಮ್ಮನಾಗಿದ್ದೆ, ಕಾಗದ ತಾನೆ, ಒಲೆ ಹೊತ್ತಿಸಲು ಬರುತ್ತದೆ ಎಂದು.

ಕಲ್ಲು ಒಲೆಗೆ ಬರುವುದಿಲ್ಲ. ಹೋದ ತಿಂಗಳ ಕೊನೆಯ ಸೋಮವಾರ, ಊರಿನ ಹೆಂಗಸರೆಲ್ಲ ಬಟ್ಟೆ ಒಗೆಯುವುದರಲ್ಲಿ ಮುಳುಗಿದ್ದಾಗ, ಕಲ್ಲುಕುಟಿಗರ ಲಾರಿ ಚಾಪೆಲ್‌ನ ಸಮಾಧಿ ಅಂಗಳದ ಮುಂದೆ ನಿಂತಿತಂತೆ. ಬೀಗದ ಕೈ ಇಟ್ಟುಕೊಂಡಿರುವ ಐವಿ ಶ್ಯಾಕಲ್‌ಟನ್ ಸಾಬೂನಿನ ಕೈಯಲ್ಲೇ ಓಡಿಬಂದಳು. ವಿಲಿಯಂ ಗ್ರೀನ್‌ವುಡ್‌ನ ಸಮಾಧಿ ಎಲ್ಲಿ ಎಂದು ಅವರು ಕೇಳಿದರು. ಐವಿ ಈ ಊರಲ್ಲಿ ಹುಟ್ಟಿ ಬೆಳೆದ ಯಾರೇ ಕೇಳುವುದನ್ನೇ ಕೇಳಿದಳು: "ಯಾವ ವಿಲಿಯಮ್ಮು? ಇಲ್ಲಿ ನಾಲ್ಕು ಜನ ಮಲಗವ್ರೆ. ಯಾರ ಮಗ ಅಂತ ಹೇಳಿ." ಅವರು ಲಾರಿಯ ಹೊದಿಕೆ ಸರಿಸಿ ಕಲ್ಲನ್ನೇ ತೋರಿಸಿದರು. ಮೇಲೆ ಅದೇ ಸಿಂಹ, ಅದರ ಕೆಳಗೆ ನೀನು ಬರೆಸಿದ್ದು. 'ಅಬ್ರಹಾಂ ಗ್ರೀನ್‌ವುಡ್‌ರ ಪುತ್ರ ವಿಲಿಯಂ, ಪುರಾತನ ಗ್ರೀನ್‌ವುಡ್ ವಂಶಸ್ಥ.' ಹುಟ್ಟಿದ, ಸತ್ತ ತಾರೀಕಿಗೆ ಜಾಗ ಖಾಲಿ, ಏಕೆಂದರೆ ಹೆತ್ತ ಅಪ್ಪ ಯಾವಾಗ ಹುಟ್ಟಿದ ಎನ್ನುವುದು ನಿನಗೆ ಗೊತ್ತಿಲ್ಲ, ಅದನ್ನು ಅಕ್ಕನನ್ನು ಕೇಳಿ ಆಮೇಲೆ ಕೆತ್ತಿ ಎಂದಿದ್ದೀಯಂತೆ.

ಅಬ್ರಹಾಂ! ಯಾವ ಅಬ್ರಹಾಂ ಇರ್ವಿನ್? ಅಪ್ಪನಿಗೆ ಅಪ್ಪ ಯಾರು ಎಂದು ಯಾವತ್ತೂ ಯಾರಿಗೂ ಗೊತ್ತಿರಲಿಲ್ಲ. ಅದು ನಿನಗೂ ಗೊತ್ತು. ಮಾರ್ಜರಿಯ ಮನೆಯವರ ಮುಂದೆ ಹೇಳಲು ನಾಚಿಕೆಯಾಗಿ, ಬೈಬಲ್ಲಿನಿಂದ ಒಂದು ಘನವಾದ ಹೆಸರು ಕಿತ್ತುಕೊಂಡು ಅಪ್ಪನಿಗೆ ಒಬ್ಬ ಅಪ್ಪನನ್ನು ಸೃಷ್ಟಿಮಾಡಿಬಿಟ್ಟೆ. ಆದರೆ ಐವಿಗೆ ಅಬ್ರಹಾಂನ ವಿಲಿಯಂ ಎಂದರೆ ಒಬ್ಬನೇ. ಏಬ್‌ನ ವಿಲ್ಲಿ. ಯೂ ಮರದ ಕೆಳಗೆ, ಒಳ್ಳೆಯ ಜಾಗದಲ್ಲಿ ಮಲಗಿರುವ ಗಿರಣಿ ಮೇಸ್ತ್ರಿ. ಅವಳು ಸಾಬೂನಿನ ಕೈಯನ್ನು ಆ ಕಡೆ ತೋರಿಸಿ ಬಟ್ಟೆ ಹಿಂಡಲು ಹೋದಳು. ಐವಿಯನ್ನು ಬೈಯಬೇಡ, ಅವಳ ತಪ್ಪು ಕೂದಲೆಳೆಯಷ್ಟೂ ಇಲ್ಲ. ನೀನು ಹೇಳಿದ ಮನುಷ್ಯನ ತಲೆದೆಸೆಗೇ ಅವಳು ಕಲ್ಲು ಕಳಿಸಿದಳು.

ಏಬ್ ಯಾರು ಎಂದು ನಿನಗೆ ನೆನಪಿದೆಯೇ, ಅಥವಾ ಅಟ್ಲಾಂಟಿಕ್ ದಾಟುವಾಗ ಅದನ್ನೂ ಸಮುದ್ರಕ್ಕೆ ಎಸೆದೆಯಾ? ಅಜ್ಜಿ ನ್ಯಾನ್‌ಗೆ ಆಗ ಹತ್ತೊಂಬತ್ತು ವರ್ಷ, ಮದುವೆಯಾಗಿರಲಿಲ್ಲ, ಅಪ್ಪನನ್ನು ಹೊತ್ತ ಹೊಟ್ಟೆ ಕಾಣತೊಡಗಿತ್ತು. ಚಾಪೆಲ್‌ನ ವಾರ್ಷಿಕ ಹಾಡಿನ ಭಾನುವಾರ. ಹಾಡುವವರ ಗ್ಯಾಲರಿಗೆ ಹತ್ತುವ ಮೆಟ್ಟಿಲಿಗೆ, ಚಾಪೆಲ್‌ನ ಹಿರಿಯನಾಗಿದ್ದ ಏಬ್ ಅಡ್ಡ ನಿಂತ. "ಮೇಲೆ ಹತ್ಬೇಡ ಕಣಮ್ಮ. ಅಪ್ಪ ಯಾರು ಅಂತ ಹೇಳು, ಆಮೇಲೆ ಹತ್ತುವಂತೆ." ಆಗ ಅಜ್ಜಿ ಹೇಳಿದ ಮಾತನ್ನು ಈ ಊರು ಎಪ್ಪತ್ತೆಂಟು ವರ್ಷ ಬಾಯಲ್ಲಿಟ್ಟುಕೊಂಡಿದೆ: "ಅಪ್ಪನ ಹೆಸರು ತಗೊಂಡು ನೀವೇನ್ ಮಾಡ್ತೀರಾ? ಸಾಕೋಳು ನಾನು. ನ್ಯಾನ್‌ಳ ಮಗು ಅಂತ ಬರ್ಕೊಳ್ಳಿ." ಅಷ್ಟು ಹೇಳಿ ಹೊರಗೆ ಹೋದವಳು ಮನೆಗೆ ಹೋಗಲಿಲ್ಲ. ಗೋಡೆಯ ಆಚೆ ನಿಂತು ತನ್ನ ಪಾಲಿನ ಸ್ವರವನ್ನು ತಾನು ಹಾಡಿದಳು. ಅವಳು ಸಾಯುವವರೆಗೂ ಪ್ರತಿ ವರ್ಷ ಆ ಭಾನುವಾರ ಅಲ್ಲೇ ನಿಂತಳು. ಆಮೇಲಾಮೇಲೆ ಒಳಗೆ ಬಾ ಎಂದು ಕರೆದರೂ ಹೋಗಲಿಲ್ಲ. ನಾವಿಬ್ಬರೂ ಚಿಕ್ಕವರಾಗಿ ಒಳಗೆ ಬೆಂಚಿನ ಮೇಲೆ ಕೂತಿದ್ದಾಗ ಕಿಟಕಿಯಿಂದ ಆ ದನಿ ಬರುತ್ತಿತ್ತು, ಅಪ್ಪ ನಮ್ಮ ತೊಡೆ ತಟ್ಟಿ ಕೇಳಿ ಎನ್ನುತ್ತಿದ್ದ.

ನ್ಯಾನ್‌ಳ ವಿಲ್ಲಿ ಎನ್ನುವುದು ಮೊದಲು ಬೈಗುಳವೇ. ಊರಲ್ಲಿ ಬೇರೆ ಎಲ್ಲರೂ ಅಪ್ಪನ ಹೆಸರಿನವರು, ಇವನೊಬ್ಬ ಅಮ್ಮನ ಹೆಸರಿನವನು. ಅಪ್ಪ ಆ ಬೈಗುಳವನ್ನು ಎತ್ತಿ ಟೋಪಿಯ ಹಾಗೆ ತಲೆಗೆ ಇಟ್ಟುಕೊಂಡ. ಗಿರಣಿಯಲ್ಲಿ ಯಜಮಾನ ಯಾವ ವಿಲಿಯಂ ಎಂದು ಕೇಳಿದರೂ, ಯುದ್ಧದಲ್ಲಿ ಸಾರ್ಜೆಂಟ್ ಕೇಳಿದರೂ, ಒಂದೇ ಉತ್ತರ: "ನ್ಯಾನ್‌ಳ ವಿಲ್ಲಿ, ಸ್ವಾಮಿ." ನೀನು ಅಷ್ಟೊಂದು ಮೆರೆಸುವ ಗ್ರೀನ್‌ವುಡ್ ಎನ್ನುವ ಹೆಸರು ಅಪ್ಪನಿಗೆ ಬಂದದ್ದಾದರೂ ಎಲ್ಲಿಂದ? ಯಾವ ವೀರನಿಂದಲೂ ಅಲ್ಲ. ಮಗ್ಗದ ಹುಡುಗಿಯೊಬ್ಬಳು ತನ್ನ ಹೆಸರನ್ನು ತಾನೇ ಮಗನಿಗೆ ಕೊಟ್ಟಳು, ಬೇರೆ ಯಾರೂ ಕೊಡುವವರಿರಲಿಲ್ಲ. ನೀನು ಅವಳ ತೊಡೆಯ ಮೇಲೆ ಕೂತು, ಅವಳು ಹೊಲದಂಚಿನಲ್ಲಿ ಕೊಯ್ದು ತಂದ ಸೊಪ್ಪಿನ ಪುಡ್ಡಿಂಗನ್ನು ಅವಳ ಕೈಯಿಂದಲೇ ತಿಂದವನು. ಈಗ ಅವಳನ್ನು ಅಳಿಸಿ ಆ ಜಾಗದಲ್ಲಿ ಏಬ್‌ನನ್ನು ಕೂರಿಸಿದ್ದೀಯ. ಹತ್ತಿದ ಏಣಿಯನ್ನು ಒದೆಯುವವರನ್ನು ಕಂಡಿದ್ದೇನೆ. ಒದ್ದ ಮೇಲೆ ಏಣಿಯೇ ಇರಲಿಲ್ಲ ಎಂದು ಕಲ್ಲಿನಲ್ಲಿ ಕೆತ್ತಿಸಿದವನು ನೀನೊಬ್ಬನೇ.

ನಾನು ಮರುದಿನವೇ ಏಬ್‌ನ ವಿಲ್ಲಿಯ ಮಗಳು ಮಿಲ್ಡ್ರೆಡ್‌ಳ ಮನೆಗೆ ಹೋದೆ. ಕಲ್ಲು ತೆಗೆಸಬೇಕಲ್ಲ. ಅವಳು ಚೆನ್ನಾಗಿರುವ ಕಪ್ಪುಗಳಲ್ಲೇ ಟೀ ಕೊಟ್ಟಳು. ಅವಳಿಗೆ ಆ ಸಿಂಹ ಬಹಳ ಹಿಡಿಸಿಬಿಟ್ಟಿದೆ, ಎರಡು ಸಲ ಹೋಗಿ ಒರೆಸಿ ಬಂದಿದ್ದಾಳೆ. ತಪ್ಪಾಗಿದೆ, ಅದು ನಮ್ಮಪ್ಪನ ಕಲ್ಲು ಎಂದು ಸಮಾಧಾನವಾಗಿಯೇ ಹೇಳಿದೆ. ಅವಳು ಸಕ್ಕರೆ ಕದಡುತ್ತ ಹೇಳಿದಳು: "ನಮ್ಮಪ್ಪ ವಿಲಿಯಂ, ನಮ್ಮ ತಾತ ಅಬ್ರಹಾಂ. ಕಲ್ಲಲ್ಲೂ ಅದೇ ಇದೆಯಲ್ಲ ಝಿಲ್ಲಾ. ನಿಮ್ಮಪ್ಪನ ಅಪ್ಪನ ಹೆಸರೇನು ಹೇಳು, ಈಗ್ಲೇ ತೆಗೆಸ್ತೀನಿ."

ಐವತ್ತು ವರ್ಷದ ನನ್ನನ್ನು, ಏಬ್‌ನ ಮೊಮ್ಮಗಳು, ಅದೇ ಮೆಟ್ಟಿಲಿನ ಕೆಳಗೆ ನಿಲ್ಲಿಸಿ ಅದೇ ಪ್ರಶ್ನೆ ಕೇಳಿದಳು. ಕೇಳುವ ಹಕ್ಕನ್ನು ಅವಳಿಗೆ ಕೊಟ್ಟವನು ನನ್ನ ಒಡಹುಟ್ಟಿದವನು. ಮೈಯೆಲ್ಲ ಉರಿದುಹೋಯಿತು. ನ್ಯಾನ್ ಎಂದು ಹೇಳಿ, ಟೀ ಹಾಗೇ ಬಿಟ್ಟು ಎದ್ದು ಬಂದೆ. ದಾರಿಯುದ್ದಕ್ಕೂ ನಿನ್ನನ್ನು ಬೈದುಕೊಂಡು ಬಂದೆ, ಕುರಿಗಳು ತಲೆ ಎತ್ತಿ ನೋಡಿದವು.

ಅಪ್ಪ ಕೊನೆಯ ವಾರದಲ್ಲಿ ಕೇಳಿದ್ದು ಒಂದೇ. ತನ್ನನ್ನು ಗೋಡೆಯ ಹತ್ತಿರ ತನ್ನ ಅಮ್ಮ ನ್ಯಾನ್‌ಳ ಪಕ್ಕಕ್ಕೆ ಹಾಕಿ, ಹೆಸರು ಕೆತ್ತಿಸುವುದಾದರೆ ಅವಳ ಹೆಸರು ಮೊದಲು. ಅಜ್ಜಿಯ ತಲೆದೆಸೆಯಲ್ಲಿ ಇಷ್ಟು ವರ್ಷ ಕಲ್ಲೇ ಇರಲಿಲ್ಲವಲ್ಲ. ಇದನ್ನು ನಿನಗೆ ಆಗಲೇ ಬರೆದಿದ್ದೆ. ಅದಕ್ಕೆ ನಿನ್ನ ಉತ್ತರ, ಹಳೆಯದನ್ನೆಲ್ಲ ಕೆದಕುವುದು ಬೇಡ ಎಂದು. ಈಗ ಕೇಳು. ನಮ್ಮ ಕಡೆಯ ಕಪ್ಪು ಕಲ್ಲಿನಲ್ಲಿ, ಇಲ್ಲಿಯ ಕಲ್ಲುಕುಟಿಗನ ಕೈಯಲ್ಲಿ, ಒಂದು ಚಿಕ್ಕ ಕಲ್ಲು ಸಿದ್ಧವಾಗಿದೆ. 'ನ್ಯಾನ್ ಗ್ರೀನ್‌ವುಡ್. ಅವಳ ಪಕ್ಕದಲ್ಲಿ ನ್ಯಾನ್‌ಳ ವಿಲ್ಲಿ.' ಶನಿವಾರ ನಿಲ್ಲಿಸುತ್ತಾರೆ. ತಾರೀಕುಗಳೂ ಇವೆ, ನನಗೆ ಗೊತ್ತಿದ್ದವು. ನಿನ್ನ ಸಿಂಹ ಯೂ ಮರದ ಕೆಳಗೇ ಇರಲಿ, ಮಿಲ್ಡ್ರೆಡ್ ಒರೆಸಿಕೊಂಡಿರುತ್ತಾಳೆ. ಅದನ್ನು ತೆಗೆಸಲು ನೀನು ಯಾರಿಗೂ ಬರೆಯಬೇಡ.

ನಿನ್ನ ಮೇಲೆ ನನಗೆ ಹೇಳಲಾರದಷ್ಟು ಕೋಪವಿದೆ. ಆದರೂ ಮಂಡಿಗೆ ಉಣ್ಣೆಯ ಪಟ್ಟಿ ಹೆಣೆದಿದ್ದೇನೆ, ಬೇರೆ ಅಂಚೆಯಲ್ಲಿ ಬರುತ್ತದೆ, ಹಾಕಿಕೋ. ಮಾರ್ಜರಿಗೆ ನನ್ನ ನೆನಪು ಹೇಳು, ಅವಳ ಮೇಲೆ ನನಗೇನೂ ಸಿಟ್ಟಿಲ್ಲ. ದೇವರು ನಿನಗೆ ಆರೋಗ್ಯ ಕೊಡಲಿ, ಅದಕ್ಕಿಂತ ಮೊದಲು ಬುದ್ಧಿ ಕೊಡಲಿ.

ನಿನ್ನ ಅಕ್ಕ,
ನ್ಯಾನ್‌ಳ ವಿಲ್ಲಿಯ ಝಿಲ್ಲಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಯವರೆಗೆ ತಳ್ಳಿಕೊಂಡು ಬಂದೆ. ಅಂಚೆಯವನು ಗೇಟಿನ ಹತ್ತಿರ ಬಂದಾಯಿತು, ಬೇಗ ಹೇಳುತ್ತೇನೆ. ಲೋರ್ನಾ ಪಶ್ಚಿಮದಲ್ಲಿಲ್ಲ. ನನ್ನ ಅಡುಗೆಮನೆಯಲ್ಲಿದ್ದಾಳೆ. ಬೆಂಕಿ ಹಬ್ಬದ ಸಂಜೆ ಕೋಟಿಲ್ಲದೆ, ಒಂದು ಪೆಟ್ಟಿಗೆ ಹಿಡಿದು ಬಂದಳು. ಈಗ ಅಪ್ಪನ ಕೋಟು ಹಾಕಿಕೊಂಡಿದ್ದಾಳೆ, ಹೊಟ್ಟೆಯ ಹತ್ತಿರ ಗುಂಡಿ ಹಾಕಲಾಗುತ್ತಿಲ್ಲ. ಮಗು ಫೆಬ್ರವರಿಗೆ. "ನಮ್ಮ ಹೆಸರನ್ನ ಬಾಗಿಲ ಒಳಗೇ ಬಿಟ್ಟು ಆಚೆ ಹೋಗು" ಎಂದೆಯಂತೆ ಮಗಳಿಗೆ. ಅದು ನಿನ್ನ ಹೆಸರಲ್ಲ ಇರ್ವಿನ್, ನ್ಯಾನ್‌ಳದು, ಯಾರಿಗೆ ಕೊಡಬೇಕು ಎಂಬುದನ್ನು ಅವಳು ಎಂದೋ ತೀರ್ಮಾನ ಮಾಡಿಬಿಟ್ಟಿದ್ದಾಳೆ. ಮೊನ್ನೆ ಭಾನುವಾರ ಲೋರ್ನಾಳನ್ನು ಚಾಪೆಲ್‌ಗೆ ಕರೆದುಕೊಂಡು ಹೋಗಿ ಮೊದಲ ಸಾಲಿನಲ್ಲಿ ಕೂರಿಸಿದೆ. ಮೆಟ್ಟಿಲ ಹತ್ತಿರ ಯಾರೂ ನಿಂತಿರಲಿಲ್ಲ. ಐವಿ ಆಗಲೇ ಸಾಕ್ಸು ಹೆಣೆಯುತ್ತಿದ್ದಾಳೆ, ಯಾರಿಗೆ ಎಂದು ಕೇಳಿದವರಿಗೆಲ್ಲ ಲೋರ್ನಾಳ ಮಗುವಿಗೆ ಎನ್ನುತ್ತಾಳೆ. ಹುಟ್ಟುವ ಮೊದಲೇ ಅದಕ್ಕೆ ಅರ್ಧ ಹೆಸರು ಸಿಕ್ಕಿದೆ. ಉಳಿದರ್ಧ ಇಡುವ ದಿನಕ್ಕೆ ಅಜ್ಜನಾಗಿ ಬರುತ್ತೀಯಾ, ಇಲ್ಲವೇ ಏಬ್‌ನ ಹಾಗೆ ಮೆಟ್ಟಿಲಲ್ಲೇ ನಿಲ್ಲುತ್ತೀಯಾ, ಅಷ್ಟು ಮಾತ್ರ ಬರೆ.