ಬೊಮ್ಮಿ ಅತ್ತ ಅಳು

ಕೆಳಪೇಟೆ, ದಾವಣಗೆರೆ
೨೧೭೪, ಎರಡನೆಯ ಬೇಸಿಗೆಯ ಹುಣ್ಣಿಮೆ

ಮಕ್ಕಳ ಕೈಗೆ ಕಾಮಿಕ್ಸ್ ಕೊಟ್ಟು ನಗಿಸುವ ಆ ಕಾಲದ ಹಿರಿಯರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮಗೀಗ ವರ್ಷಕ್ಕೆ ಎರಡು ಬೇಸಿಗೆ. ನಡುವೆ ಬರುವುದನ್ನು ನಿಮ್ಮ ಮೇಲಿನ ಗೌರವಕ್ಕೆ ಮಳೆಗಾಲ ಎನ್ನುತ್ತೇವೆ. ನಿಮಗೆ ಗೊತ್ತಿಲ್ಲದ ಒಂದೆರಡು ಪದ ನುಸುಳಿದರೆ ಮನ್ನಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ಒಂದು ಮಧ್ಯಾಹ್ನ ಎದೆಗೆ ಬಡಿದದ್ದು ನಲವತ್ತು ವರ್ಷವಾದರೂ ಇಳಿದಿಲ್ಲ. ಅದನ್ನು ಹೇಳಲು ಕೂತಿದ್ದೇನೆ.

ಬುರುಡೆ ಬೊಮ್ಮಿ ನಮ್ಮ ಕಾಲದ ಮಕ್ಕಳ ಕಾಮಿಕ್ಸಿನ ಹುಡುಗಿ. ಒಂಬತ್ತು ವರ್ಷ, ಮೋಟು ಜಡೆ, ಮುದ್ದಿಗೆ ‘ಅವ್ವಾ’ ಎಂದು ಕರೆಯುವ ಒಂದು ಮೇಕೆ. ಅವಳು ಬಿಡುವ ಬುರುಡೆಯೆಲ್ಲ ಮರುದಿನ ನಿಜವಾಗಿಬಿಡುತ್ತದೆ, ಊರಿಗೆಲ್ಲ ಪೇಚು. ಅವಳ ಮೇಲೆ ಮನೆಮಂದಿಯೆಲ್ಲ ಕೂತು ನೋಡುವ ಸಿನಿಮಾ ಸರಣಿ ಶುರುವಾದಾಗ ಬೊಮ್ಮಿಯ ಪಾತ್ರ ಸಿಕ್ಕಿದ್ದು ನನ್ನ ಅಕ್ಕ ಶಾಂಭವಿಗೆ. ಅವಳಿಗೂ ಆಗ ಒಂಬತ್ತು, ನನಗೆ ಆರು.

ನಟಿಸುವ ಮಕ್ಕಳಿಗೆ ಆಗ ನೆರಳಂಗಿ ತೊಡಿಸುತ್ತಿದ್ದರು. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಅಂಗಿ ಅದು. ಮೈಯ ಒಂದೊಂದು ಅಲುಗಾಟ, ಒಂದೊಂದು ಉಸಿರು ಅದರಲ್ಲಿ ಅಚ್ಚಾಗುತ್ತಿತ್ತು. ಆ ನೆರಳಚ್ಚು ಇದ್ದರೆ ಸಾಕು, ಮಗು ಬೆಳೆದು ದೊಡ್ಡದಾದರೂ ತೆರೆಯ ಮೇಲೆ ಮಗುವಾಗಿಯೇ ಹೊಸ ಹೊಸ ಕತೆಗಳಲ್ಲಿ ಆಡುತ್ತಿರುತ್ತದೆ. ಅಪ್ಪ ಒಪ್ಪಿ ಹೆಬ್ಬೆಟ್ಟು ಒತ್ತಿದ್ದರು.

ಎರಡನೆಯ ಸಿನಿಮಾದ ಚಿತ್ರೀಕರಣದಲ್ಲಿ, ಸ್ಟುಡಿಯೋದ ಬಯಲಿನಲ್ಲಿ, ನಮ್ಮವ್ವ ಕೊಟ್ರಮ್ಮ ಬುತ್ತಿ ಹಿಡಿದು ಬರುತ್ತಿದ್ದವಳು ಉರಿಹೊಡೆತಕ್ಕೆ ಬಿದ್ದಳು. ಬಿಸಿಲೇ ಆಳನ್ನು ಕೆಡವುವುದಕ್ಕೆ ನಮ್ಮಲ್ಲಿ ಆ ಹೆಸರು. ಅಕ್ಕ ತೊಟ್ಟ ನೆರಳಂಗಿಯಲ್ಲೇ ಓಡಿದಳು. ನಿರ್ದೇಶಕ ಶೇಖರಪ್ಪನವರು ನೀರು ತಂದರು. ಮಗಳು ತಲುಪುವಷ್ಟರಲ್ಲಿ ಜೀವ ಹೋಗಿತ್ತು ಎಂದೇ ಎಲ್ಲರೂ ಹೇಳಿದರು. ಅಕ್ಕ ಮತ್ತೆ ನಟಿಸಲಿಲ್ಲ. ಅವಳ ನೆರಳು ನಟಿಸಿತು.

ಅದರ ಮೇಲೆ ನಮಗೆ ಸಿಟ್ಟಿರಲಿಲ್ಲ. ಕೆಳಪೇಟೆಯೆಂದರೆ ಸೆಖೆಗೆ ಹೆದರಿ ನೆಲದಡಿ ಕಟ್ಟಿಕೊಂಡ ಪೇಟೆ. ಮಧ್ಯಾಹ್ನ ಅಲ್ಲಿನ ಥಿಯೇಟರು ಊರಿಗೇ ತಂಪಿನ ಮನೆ. ಅಜ್ಜಂದಿರು ಗೊರಕೆ ಹೊಡೆಯಲು ಬರುತ್ತಾರೆ, ಹೆಂಗಸರು ಅವರೆಕಾಯಿ ಸುಲಿಯುತ್ತ ಸಿನಿಮಾ ನೋಡುತ್ತಾರೆ. ಮಂಡಕ್ಕಿ ಮಿರ್ಚಿ ಈಗಲೂ ಇದೆ, ನಿಶ್ಚಿಂತೆಯಿಂದಿರಿ. ಹೊಸ ಬೊಮ್ಮಿ ಬಂದಾಗಲೆಲ್ಲ ಅಕ್ಕನೇ ನಮ್ಮನ್ನು ಕರೆದೊಯ್ಯುತ್ತಿದ್ದಳು.

ಏಳನೆಯದಕ್ಕೆ ತನ್ನ ಮಗಳು ಮಿಂಚುವನ್ನೂ ಕರೆತಂದಿದ್ದಳು. ಕತೆಯಲ್ಲಿ ಮೇಕೆ ಸಾಯುತ್ತದೆ. ಬೊಮ್ಮಿ ಓಡಿ ಬಂದು ಅದರ ಮೇಲೆ ಬಿದ್ದಳು.

“ಏಳವ್ವಾ. ಏಳ. ಬುತ್ತಿ ಬಿಚ್ಚೋಣೇಳು.”

ಆ ಅಳು ಬೊಮ್ಮಿಯದಲ್ಲ, ಅವ್ವ ಬಿದ್ದ ದಿನ ಅಕ್ಕ ಅತ್ತದ್ದು. ತೆರೆಯ ಮೇಲೆ ಬೊಮ್ಮಿ ಹೆಗಲ ವಸ್ತ್ರ ತೆಗೆದು ಮೇಕೆಯ ಗೊರಸು ಮುಚ್ಚಿದಳು. ಥಿಯೇಟರಿನ ಮಕ್ಕಳೆಲ್ಲ ಬಿಕ್ಕುತ್ತಿದ್ದವು.

“ಅವ್ವಾ, ಬೊಮ್ಮಿ ಅದರ ಕಾಲು ಯಾಕ ಮುಚ್ಚಿದ್ಲು?” ಎಂದಳು ಮಿಂಚು.

“ನೆಲ ಸುಡತಿತ್ತು,” ಎಂದಳು ಅಕ್ಕ. ಅವಳ ದನಿ ಎಲ್ಲಿಂದಲೋ ಬಂದಂತಿತ್ತು.

ಮರುದಿನವೇ ಶೇಖರಪ್ಪನವರ ಎದುರು ನಿಂತೆವು. ಅವರು ಮುದುಕರಾಗಿದ್ದರು.

“ಎಷ್ಟೋ ಥರದ ಅಳು ಕಟ್ಟಿ ನೋಡಿದ್ವಿ ತಾಯಿ, ಒಂದೂ ಮನಸ್ಸಿಗೆ ಹತ್ತಲಿಲ್ಲ. ಇದನ್ನ ಯಂತ್ರಾನೇ ಹಳೇ ಅಚ್ಚಿನಾಗ ಹುಡುಕಿ ಕೊಡ್ತು. ಭಾಳ ಚಲೋ ಅನ್ನಿಸ್ತು, ಹಾಕಿದ್ವಿ.”

“ಅವತ್ತು ನಮ್ಮವ್ವಗ ನೀರು ತಂದವರು ನೀವ,” ಎಂದಳು ಅಕ್ಕ.

“ಆ ಅಳು ಇದೇ ಅಂತ ನನಗ ಗುರುತು ಹತ್ತಲಿಲ್ಲವ್ವ,” ಎಂದರು ಅವರು. ಸುಳ್ಳಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು. ಅದೇ ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿತು.

ಅಳಿಸುತ್ತೇನೆ ಎಂದು ಅವರೇ ಮುಂದಾದರು. ನೆರಳಚ್ಚಿಗೆ ನಕಲು ಎಂಬುದಿಲ್ಲ; ಮೂಲದಲ್ಲಿ ಅಳಿಸಿದರೆ ಊರೂರಿನ ತೆರೆಯಿಂದಲೂ ಹೋಗುತ್ತದೆ. ಜಾಗ ಗುರುತಿಸಲು ಅವರು ಮೂಲವನ್ನು ಓಡಿಸಿದರು. ಅಂಗಿ ಅಚ್ಚು ಹಾಕಿಕೊಂಡಿದ್ದು ಹುಡುಗಿಯನ್ನು ಮಾತ್ರ; ಬೂದುಬಣ್ಣದ ಖಾಲಿಯಲ್ಲಿ ಒಂಬತ್ತರ ಅಕ್ಕ ಏನೂ ಇಲ್ಲದ ಕಡೆಗೆ ಬಾಗಿ ಅಳುತ್ತಿದ್ದಳು. ಆಗ ಅವಳ ಬೆನ್ನ ಮೇಲೆ, ಜಡೆಯ ಕೆಳಗೆ, ಅಂಗಿ ಮೆಲ್ಲಗೆ ಒಳಕ್ಕೆ ಒತ್ತಿತು. ಐದು ಬೆರಳು. ಸ್ವಲ್ಪ ಹೊತ್ತು ನಿಂತವು, ಒಮ್ಮೆ ಸವರಿದವು, ಜಾರಿದವು.

ಅಕ್ಕ ತಲುಪಿದಾಗ ಅವ್ವ ಇನ್ನೂ ಬದುಕಿದ್ದಳು. ಅಕ್ಕನಿಗೇ ಅದರ ನೆನಪಿರಲಿಲ್ಲ.

ಶೇಖರಪ್ಪನವರ ಕೈ ಗುಂಡಿಯ ಮೇಲಿತ್ತು. ಅಕ್ಕ ಅದನ್ನು ಹಿಡಿದು ಪಕ್ಕಕ್ಕಿಟ್ಟಳು. “ಇರಲಿ ಬಿಡ್ರಿ,” ಎಂದಳು.

ಹಾಗೆ ಅದು ಉಳಿಯಿತು. ಕೇರಿಯ ಮಕ್ಕಳು ಬೊಂಬೆಗಳ ಕಾಲು ಮುಚ್ಚಿ “ಏಳವ್ವಾ” ಎಂದು ಆಡಿದರು, ಮಿಂಚುವೂ ಆಡಿದಳು. ಅಕ್ಕ ತಡೆಯಲಿಲ್ಲ, ಎದ್ದು ಒಳಗೆ ಹೋಗುತ್ತಿದ್ದಳು. ಬೇರೆ ನಿರ್ದೇಶಕರು ಬಂದರು, ಸರಣಿ ಬೆಳೆಯಿತು, ಅದೇ ಅಳು ಬೇರೆ ಬೇರೆ ಸಾವುಗಳಿಗೆ ಒದಗಿತು. ಅಕ್ಕ ಈ ವರ್ಷ ತೀರಿಕೊಂಡಳು. ಮೊನ್ನೆ ಒಬ್ಬಳೇ ಹೋಗಿ ಹೊಸ ಬೊಮ್ಮಿಯನ್ನು ನೋಡಿದೆ. ಈ ಸಲ ಅವಳು ಅತ್ತದ್ದು ಒಂದು ಮುರಿದ ಸೈಕಲ್ಲಿಗೆ. ಹತ್ತಿರ ಯಾರೂ ಇರಲಿಲ್ಲ. ಆದರೂ ಬೆನ್ನು ಒಳಕ್ಕೆ ಒತ್ತಿತು.

ನಿಮ್ಮಲ್ಲಿ ನನ್ನದೊಂದೇ ಕೋರಿಕೆ. ಕಾಮಿಕ್ಸಿನ ಹುಡುಗಿ ಎಂದೆಂದಿಗೂ ಒಂಬತ್ತರವಳಾಗಿಯೇ ಇರಲಿ, ಅವಳು ಮಸಿಯಲ್ಲಿ ಹುಟ್ಟಿದವಳು. ಅವಳ ವೇಷ ತೊಡುವ ಕೂಸು ನಿಮ್ಮ ಹೊಟ್ಟೆಯದು. ಅದು ನಿಜವಾಗಿ ಅಳುವಾಗ, ಓಡಿಹೋಗಿ ಯಂತ್ರ ನಿಲ್ಲಿಸುವ ಒಬ್ಬರಾದರೂ ಅಲ್ಲಿರಲಿ.

ಇನ್ನೂ ಹುಟ್ಟದ ನಿಮ್ಮ ಮೊಮ್ಮಗಳು,
ಗೌರಾ ಹಾಲೇಶಪ್ಪ