ಉಡಿಗೆ ಬಿದ್ದ ಕೆಂಪು ನೋಟು

ಆದೋನಿ,
ತಾ. 16 ನವೆಂಬರ್ 2025, ಭಾನುವಾರ

ಪ್ರೀತಿಯ ಮಗಳು ಉಮಾಗೆ,

ನಿನ್ನ ಅವ್ವ ಹೂವಮ್ಮ ಬರೆಯುತ್ತಿದ್ದೇನೆ. ಹೇಗಿದ್ದೀಯವ್ವಾ? ಕಾಲಿನ ಬಾವು ಇಳಿಯಿತೇ? ಕೂತಾಗ ಕಾಲು ಇಳಿಬಿಡಬೇಡ, ದಿಂಬಿನ ಮೇಲೆ ಇಡು. ಉಪ್ಪಿನಕಾಯಿ ಮುಟ್ಟಬೇಡ ಎಂದು ಡಾಕ್ಟರ್ ಹೇಳಿದ್ದಾರಂತೆ, ಆದರೂ ಅಳಿಯಂದಿರ ಜೊತೆ ಕೆಲಸ ಮಾಡುವ ಜಗದೀಶನ ಚೀಲದಲ್ಲಿ ಒಂದು ಸಣ್ಣ ಡಬ್ಬಿ ಇಟ್ಟಿದ್ದೇನೆ. ಅದು ಅಳಿಯಂದಿರಿಗೆ, ನೀನು ವಾಸನೆ ಮಾತ್ರ ನೋಡು. ನಾವು ಚೆನ್ನಾಗಿದ್ದೇವೆ. ನಿಮ್ಮಪ್ಪನ ಮೊಣಕಾಲು ಚಳಿ ಬಿದ್ದಾಗಿನಿಂದ ಗೊಣಗುತ್ತಿದೆ, ಅದಕ್ಕಿಂತ ಹೆಚ್ಚು ಅವರೇ ಗೊಣಗುತ್ತಾರೆ.

ಮೊನ್ನೆ ಫೋನಿನಲ್ಲಿ ನೀನು, "ಬಿ.ಪಿ. ಐತಿ, ವಿಮಾನ ಹತ್ತಬ್ಯಾಡ ಅಂದಾರ. ನನಗ ಬರಾಕಾಗಲ್ಲ, ನೀನಾ ಬಾರವ್ವಾ" ಎಂದೆ. ನಾನು ಸಿಗ್ನಲ್ ಸಿಗುತ್ತಿಲ್ಲ ಎಂದು ಸುಳ್ಳು ಹೇಳಿ ಇಟ್ಟುಬಿಟ್ಟೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು ಎಂಬ ಹಟ ಒಂದು ಕಡೆ. ರೈಲಿನಲ್ಲಿ ರಾಯಚೂರು ದಾಟದ ನಾನು ಆಫ್ರಿಕಾಕ್ಕೆ ಹೇಗೆ ಹೋಗಲಿ ಎಂಬ ಭಯ ಇನ್ನೊಂದು ಕಡೆ. ಆ ಉತ್ತರವನ್ನೇ ಈ ಕಾಗದದಲ್ಲಿ ಕೊಡಬೇಕು. ಆದರೆ ಮೊದಲು ನೋಟಿನ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ಸಮಾಧಾನವಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ನೀವಿಬ್ಬರೂ ಬಂದಾಗ ಅಳಿಯಂದಿರು ಐದು ಕೆಂಪು ನೋಟುಗಳನ್ನು ಚಾಪೆಯ ಮೇಲೆ ಹರವಿದ್ದು ನೆನಪಿದೆಯೇ? "ನೋಡ್ರಿ ಅತ್ತೆಮ್ಮ, ಇವು ಅಲ್ಲಿ ರೊಕ್ಕ, ಸಾವಿರದ್ದು" ಎಂದು ಐದನ್ನೂ ನನಗೇ ಕೊಟ್ಟರು. ಎಲ್ಲದರಲ್ಲೂ ಎರಡು ಒಂಟೆ, ಎಲ್ಲದರಲ್ಲೂ ಹಣಿಗೆಯಂಥ ಮೂತಿಯ ಒಂದು ಮೀನು. ಆದರೆ ನಂಬರಿನ ಸನಿಹ ಇರುವ ಒಂದೇ ಒಂದು ಅಕ್ಷರ ಬೇರೆ ಬೇರೆ. ನಾನು ಅದನ್ನು ತೋರಿಸಿದಾಗ ಅವರು ಬಾಯಿ ಬಿಟ್ಟರು. ನಾಲ್ಕು ವರ್ಷ ಅಲ್ಲಿನ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದು ಅದೇ ಸಂಬಳ ಎಣಿಸಿದವರು ನೋಡಿರಲಿಲ್ಲ! ನನಗೆ ಹೇಗೆ ಕಂಡಿತು ಅಂದರೆ, ನಾನು ಶಾಲೆಯಲ್ಲಿ ಇಂಗ್ಲಿಷ್ ಅಕ್ಷರ ಕಲಿತವಳಲ್ಲ. ಇಲ್ಲಿನ ಮಿಲ್ಲಿನಲ್ಲಿ ಹತ್ತಿಯ ಕಸ ಆರಿಸುತ್ತಾ, ಎದುರಿಗೆ ಪೇರಿಸಿದ ಬೇಲು ಮೂಟೆಗಳ ಮೇಲಿನ ಕರಿ ಮಾರ್ಕು ನೋಡಿ ನೋಡಿ ಎ, ಬಿ ಕಲಿತೆ. ನನ್ನ ಕಣ್ಣು ಮೊದಲು ಹೋಗುವುದೇ ಮಾರ್ಕಿನ ಮೇಲೆ.

ಆಮೇಲೆ ಜಗದೀಶ ರಜೆಗೆ ತನ್ನೂರು ಕೋಸಗಿಗೆ ಬಂದಾಗಲೆಲ್ಲ ಒಂದೊಂದು ಹೊಸ ಅಕ್ಷರ ತಂದುಕೊಟ್ಟ. ಬಿ ಅಂದರೆ ನೀವಿರುವ ಬೆನಿನ್, ಡಿ ಅಂದರೆ ಮಾಲಿ, ಕೆ ಅಂದರೆ ಸೆನೆಗಲ್ ಎಂದು ಮೊಬೈಲಿನಲ್ಲಿ ನೋಡಿ ಹೇಳಿದ. ಎಂಟು ದೇಶ ಉಮಾ, ಎಂಟು ಬಾವುಟ, ರೊಕ್ಕ ಒಂದೇ! ಒಂದು ದೇಶದ ನೋಟು ಇನ್ನೊಂದು ದೇಶದ ಸಂತೆಗೆ ತಾನಾಗಿ ಹೋಗಿ ಕೂರುತ್ತದಂತೆ, ಯಾರೂ ತಡೆಯುವುದಿಲ್ಲವಂತೆ. ಅದನ್ನು ಕೇಳಿದ ದಿನ ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ನೋಟುಗಳನ್ನು ಹಳೆಯ ಫೋಟೋ ಆಲ್ಬಮ್ಮಿನಲ್ಲಿ ಅಕ್ಷರದ ಪ್ರಕಾರ ಜೋಡಿಸಿದೆ. ನಿಮ್ಮಪ್ಪ, "ಊರಾಗ ಎಲ್ಲಾರೂ ನಡೆಯೋ ರೊಕ್ಕ ಕೂಡಸ್ತಾರ, ನಡೀದ ರೊಕ್ಕ ಕೂಡಸಾಕಿ ನೀನೊಬ್ಬಾಕಿನಾ" ಎಂದು ನಕ್ಕರು. ಹಾಗೆಂದವರೇ ನಾನಿಲ್ಲದಾಗ ಆಲ್ಬಮ್ ತೆಗೆದು ಒಂಟೆ ನೋಡುತ್ತಾರೆ.

ಆ ಆಲ್ಬಮ್ಮಿನಲ್ಲಿ ಬಿ ಇರಬೇಕಾದ ಜಾಗ ಖಾಲಿ. ಯಾಕೆಂದು ನಿನಗೆ ಗೊತ್ತು, ಇಬ್ಬರೂ ಬಾಯಿಬಿಟ್ಟು ಹೇಳಿಲ್ಲ, ಅಷ್ಟೆ. ಮನೆಗೆ ಬಂದ ಹೊಸ ರೊಕ್ಕವನ್ನು ಒಂದು ರಾತ್ರಿ ದೇವರ ಮುಂದಿನ ತಟ್ಟೆಯಲ್ಲಿ ಇಡುವುದು ನನ್ನ ಪದ್ಧತಿ. ನೀವು ಹೊರಡುವ ಬೆಳಗ್ಗೆ ನಿನ್ನ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲು, ಕುಬುಸದ ಕಣ ಹಾಕಿ, ಕನ್ನಡಕವಿಲ್ಲದ ಕಣ್ಣಿನಲ್ಲಿ ಇನ್ನೂರರ ನೋಟೆಂದು ಅದೇ ತಟ್ಟೆಯಿಂದ ಒಂದನ್ನು ತೆಗೆದು ಹಾಕಿದೆ. ರೈಲು ಹೋದ ಮೇಲೆ ನೋಡಿದರೆ ಬಿ ಇಲ್ಲ! ನಿಮ್ಮಪ್ಪ, "ಫೋನ್ ಮಾಡಿ ಕೇಳ" ಎಂದರು. "ಉಡಿಯಾಗ ಹಾಕಿದ್ದು ತಿರುಗಿ ಕೇಳತಾರೇನ್ರಿ? ಬುದ್ಧಿ ಐತೋ ಇಲ್ಲೋ?" ಎಂದು ಗದರಿದೆ. ಬೇರೆ ಬಿ ತರುತ್ತೇನೆಂದು ಜಗದೀಶ ಹೇಳಿದಾಗಲೂ ಬೇಡವೆಂದೆ. ಆ ಜಾಗದ ನೋಟು ಮಗಳ ಮನೆಯಲ್ಲಿದೆಯಲ್ಲ, ಇನ್ನೊಂದನ್ನು ತಂದು ಅಲ್ಲಿ ಹೇಗೆ ಕೂರಿಸಲಿ?

ಈ ಸಲ ಅವನು ತಂದದ್ದು ಎಸ್, ಉಳಿದಿದ್ದ ಕೊನೆಯ ಅಕ್ಷರ, ಸುಲಭಕ್ಕೆ ಸಿಗದ್ದು. ಬೆವರಿಗೆ ಮೆತ್ತಗಾಗಿ, ಮಡಿಕೆ ಬಿದ್ದು ಅರಿವೆಯ ಹಾಗೆ ಆಗಿದೆ. ಬಿಡಿಸಿದೆ. ಮಡಿಕೆಯ ಒಳಗೆ ಏನಿತ್ತು ಗೊತ್ತೇ? ಒಂದು ಎಳೆ ಹತ್ತಿ! ಕೈ ಸುಮ್ಮನಿರುತ್ತದೆಯೇ? ಮೂವತ್ತು ವರ್ಷದ ಚಾಳಿ, ಎರಡು ಬೆರಳಲ್ಲಿ ಹಿಡಿದು ಎಳೆದು ಉದ್ದ ನೋಡಿದೆ. ನಮ್ಮ ಹತ್ತಿಯಂಥದೇ ಎಳೆ, ಸ್ವಲ್ಪ ಬಿಳುಪು ಹೆಚ್ಚು. ಯಾವುದೋ ಮಿಲ್ಲಿನಲ್ಲಿ ಯಾವಳೋ ಒಬ್ಬಳು ನನ್ನ ಹಾಗೆ ಕಸ ಆರಿಸುತ್ತಾ, ಕೂಲಿಯನ್ನು ನನ್ನ ಹಾಗೆಯೇ ಸೊಂಟಕ್ಕೆ ಸಿಕ್ಕಿಸಿಕೊಂಡಿರಬೇಕು. ಅವಳ ತಾಯಿ ಯಾರು, ಅವಳ ಬಾಣಂತನ ಯಾರು ಮಾಡಿದರೋ. ಆ ಎಳೆ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ, ಹಾಲು ಉಕ್ಕಿ ಒಲೆಯೆಲ್ಲ ರಾಡಿ. ಎಳೆಯನ್ನು ಬಿಸಾಡಲಿಲ್ಲ, ನೋಟಿನ ಜೊತೆಗೇ ಇಟ್ಟಿದ್ದೇನೆ.

ಗುರುವಾರ ಜಗದೀಶ ಹೊರಡುತ್ತಾನೆ, ಕಾಗದ ಅವನ ಕೈಯಲ್ಲಿ. ಅಳಿಯಂದಿರಿಗೆ ನನ್ನ ಶರಣು ಹೇಳು. ನಿನ್ನ ತಲೆಯ ಮೇಲೆ, ಹೊಟ್ಟೆಯ ಮೇಲೆ ನನ್ನ ಕೈ ಇದೆ ಎಂದುಕೊಂಡು ಮಲಗು.

ನಿನ್ನ ಅವ್ವ,
ಹೂವಮ್ಮ

ಮರೆತಿದ್ದೆ: ಪಾಸ್‌ಪೋರ್ಟ್ ಬಂದಿದೆ. ಹೋದ ತಿಂಗಳೇ ಕರ್ನೂಲಿಗೆ ಹೋಗಿ ಬೆರಳು ಕೊಟ್ಟು ಬಂದಿದ್ದೆ, ಧೈರ್ಯ ಸಾಲದೆ ಯಾರಿಗೂ ಹೇಳಿರಲಿಲ್ಲ. ಆ ಎಳೆ ಹಿಡಿದ ಮೇಲೆ ಈಗ ಸಾಲುತ್ತದೆ. ವೀಸಾದ ಕಾಗದ ಕಳಿಸಲು ಅಳಿಯಂದಿರಿಗೆ ಹೇಳು. ಕುಬುಸದ ಶಾಸ್ತ್ರಕ್ಕೆ ಹಸಿರು ಸೀರೆ ತೆಗೆದಿಟ್ಟಿದ್ದೇನೆ, ಒಂಬತ್ತು ತಿಂಗಳಿಗೆ ಬೀಳುವ ಮೊದಲು ಅಲ್ಲಿರುತ್ತೇನೆ. ಆ ಬಿ ನೋಟನ್ನು ನನಗೆ ಕೊಡಬೇಡ, ಅದು ನಿನ್ನದು. ಉಳಿದ ಏಳನ್ನೂ ತರುತ್ತೇನೆ, ಹತ್ತಿಯ ಎಳೆಯ ಸಮೇತ. ಈ ಸಲ ಕನ್ನಡಕ ಹಾಕಿಕೊಂಡು, ನೋಡಿ, ಬೇಕೆಂದೇ ನಿನ್ನ ಉಡಿಗೆ ಹಾಕುತ್ತೇನೆ. ಎಂಟೂ ಅಲ್ಲೇ ಕೂಡಲಿ.