ಹೆಬ್ಬೆರಳಿನ ಬಿಳಿ ಪಟ್ಟಿ

ಗದಗ, ಕ್ರಿ.ಶ. ೨೨೮೭, ಹದಿಮೂರನೆಯ ತಿಂಗಳ ಮೂವತ್ತೆರಡನೆಯ ದಿನ

ಹಿಂದಿನ ಕಾಲದ ಹಿರಿಯರೇ,

ನಮ್ಮ ಕಾಲದ ತಿಂಗಳ ಲೆಕ್ಕವೂ ಕೆಲವು ಮಾತೂ ನಿಮಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಾನು ಶಂಕ್ರವ್ವ, ಮಂಜುಬಾವಿಯಲ್ಲಿ ನೀರು ಹಂಚುವವಳು. ಮಂಜುಬಾವಿ ಎಂದರೆ ಎತ್ತರಕ್ಕೆ ಬಲೆ ಕಟ್ಟಿ ಮಂಜಿನಿಂದ ನೀರು ಇಳಿಸಿಕೊಳ್ಳುವ ಜಾಗ. ಸಾಲು ಹಚ್ಚುವುದು, ಕೊಡಕ್ಕಾಗಿ ಜಗಳ ಆಡುವುದು ಎಲ್ಲ ನಿಮ್ಮ ಕಾಲದ ನಲ್ಲಿಯ ಹಾಗೆಯೇ; ಮನುಷ್ಯ ಅಷ್ಟು ಬೇಗ ಸುಧಾರಿಸುವ ಪ್ರಾಣಿಯಲ್ಲ.

ಒಂದು ನಸುಕಿನಲ್ಲಿ ಅಲ್ಲಿಯ ಕಾವಲುಗಾರನನ್ನು ಯಾರೋ ಕೋಲಿನಿಂದ ಹೊಡೆದು ಕೊಂದು ಓಡಿದರು. ಆ ಮುಖ ಮಂಜಿನೊಳಗೆ ನನಗೆ ಕಂಡದ್ದು ಕ್ಷಣಮಾತ್ರ. ಒಂಬತ್ತು ದಿನಗಳ ಮೇಲೆ ಠಾಣೆಗೆ ಕರೆಸಿ, ಚಹಾ ಕೊಟ್ಟು, ಏಳು ಜನರನ್ನು ಸಾಲಾಗಿ ನಿಲ್ಲಿಸಿದರು. ಇಷ್ಟೆಲ್ಲ ಏರ್ಪಾಡು ಮಾಡಿದವರ ಮುಂದೆ ‘ಯಾರೂ ಅಲ್ಲ’ ಅನ್ನಲು ನನಗೆ ನಾಚಿಕೆಯಾಯಿತು. ಚಹಾದ ಹಂಗು ಅನ್ನಿ. ತುಸು ಹೋಲುತ್ತಿದ್ದ ಮೂರನೆಯವನತ್ತ ಬೆರಳು ಮಾಡಿದೆ. ಅವನು ಬಾವಿಯ ಹತ್ತಿರ ಮಂಡಕ್ಕಿಯ ಗಿರಮಿಟ್ ಮಾರುವ ಫಕೀರಪ್ಪ; ದಿನವೂ ಕಂಡ ಮುಖವಾದ್ದಕ್ಕೇ ಹೋಲಿಕೆ ಅನ್ನಿಸಿತೋ ಏನೋ.

“ಛಲೋ ಗುರ್ತು ಹಿಡದ್ರಿ ನೋಡ್ರಿ ಅಕ್ಕಾರ!” ಎಂದ ದಫೇದಾರ. ಆ ಒಂದು ಮಾತಿಗೆ ನನ್ನ ಅನುಮಾನವೆಲ್ಲ ಹಾರಿಹೋಯಿತು.

ಆಮೇಲೆ ನ್ಯಾಯಾಲಯದಲ್ಲಿ ನನ್ನ ಹಣೆಗೆ ನೆನಪುಗನ್ನಡಿ ಕಟ್ಟಿದರು. ಅದು ಸಾಕ್ಷಿಯ ನೆನಪನ್ನು ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ಬಿಡಿಸುವ ಯಂತ್ರ. ಗೋಡೆಯ ಮೇಲೆ ಫಕೀರಪ್ಪ ಕೋಲೆತ್ತಿ ನಿಂತಿದ್ದ, ಹೆಬ್ಬೆರಳಿಗೆ ಬಿಳಿ ಪಟ್ಟಿ. ಉಳ್ಳಾಗಡ್ಡಿ ಹೆಚ್ಚುವಾಗ ಆ ಬೆರಳು ಕೊಯ್ದದ್ದು ಠಾಣೆಗೆ ಬಂದ ದಿನ ಮುಂಜಾನೆ ಎಂದು ಅವನೇ ಸಾಲಿನಲ್ಲಿ ಗೊಣಗಿದ್ದ. ಕೊಲೆಯಾದ ದಿನ ಆ ಪಟ್ಟಿ ಇರಲೇ ಇಲ್ಲ. ನಾನು ಠಾಣೆಯಲ್ಲಿ ಕಂಡವನನ್ನು ಮಂಜಿನೊಳಗೆ ತಂದು ನಿಲ್ಲಿಸಿದ್ದೆ. ಕೂಗಿ ಹೇಳಿದೆ. ಕನ್ನಡಿ ಸುಳ್ಳು ಹೇಳುವುದಿಲ್ಲ, ಸಾಕ್ಷಿ ಹೆದರಿದ್ದಾಳೆ ಎಂದು ಬರೆದುಕೊಂಡರು. ಕನ್ನಡಿಗೆ ಕೊಟ್ಟ ನೆನಪನ್ನು ಹಿಂತೆಗೆದುಕೊಳ್ಳಲು ನಮ್ಮ ಕಾನೂನಿನಲ್ಲಿ ದಾರಿಯಿಲ್ಲ.

ನಮ್ಮಲ್ಲಿ ಗಲ್ಲು ಇಲ್ಲ, ನೆನಪು ಅಳಿಸುತ್ತಾರೆ. ನಾಡಿದ್ದಿನಿಂದ ಫಕೀರಪ್ಪ ತನ್ನ ಮಗಳನ್ನೇ ಯಾರೆಂದು ಕೇಳುತ್ತಾನೆ. ತೀರ್ಪಿನ ದಿನ ಅವನು ನನ್ನತ್ತ ತಿರುಗಿ, “ಅಕ್ಕಾರ, ಖರೇನೂ ನನ್ನ ನೋಡಿದ್ರೇನ್ರಿ?” ಎಂದ.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದವರು ನೀವೇ. ಸಾಲು ತೋರಿಸುವ ಮುನ್ನ, ಅಪರಾಧಿ ಇದರಲ್ಲಿ ಇಲ್ಲದೆಯೂ ಇರಬಹುದು ಎಂದು ಸಾಕ್ಷಿಗೆ ಹೇಳಿ. ಆಮೇಲೆ ಶಾಭಾಸ್ ಅನ್ನಬೇಡಿ. ನನಗಂತೂ ತಡವಾಯಿತು. ನಿಜವಾದ ಮುಖವನ್ನು ನೆನೆದು ಫಕೀರಪ್ಪನನ್ನು ಬಿಡಿಸೋಣವೆಂದು ದಿನವೂ ಕಣ್ಣು ಮುಚ್ಚಿ ಕೂರುತ್ತೇನೆ. ಪ್ರತಿ ಸಲವೂ ಅವನೇ ಕೋಲೆತ್ತಿ ಬರುತ್ತಾನೆ.